ಸುಭಾಸ ರಸ್ತೆಯ ಅಟ್ಟ

ಧಾರವಾಡದ ಸುಭಾಸ ರಸ್ತೆಯಲ್ಲಿ ನಿಂತು ಮನೋಹರ ಗ್ರಂಥಮಾಲೆ ಎಲ್ಲಿ ಎಂದು ಕೇಳಿದರೆ ಜನ ಕೈಯನ್ನು ಮೇಲಕ್ಕೆ ಮಾಡಿ ತೋರಿಸುತ್ತಾರೆ. ಕೆಳಗೆ ಅಂಗಡಿಗಳ ಸಾಲು, ನಿಲ್ಲಿಸಿದ ಗಾಡಿಗಳ ಸಾಲು, ಸಂಜೆಯ ಪೇಟೆಗೆ ಬಂದವರ ನೂಕುನುಗ್ಗಲು. ಮೇಲೆ ಲಕ್ಷ್ಮೀ ಭವನದಲ್ಲಿ ಪುಸ್ತಕದ ಮನೆ. ಊರವರ ಬಾಯಲ್ಲಿ ಅದಕ್ಕೆ ಗ್ರಂಥಮಾಲೆ ಎಂಬ ಉದ್ದ ಹೆಸರಿಲ್ಲ, ಬರೀ ‘ಅಟ್ಟ’. ಕನ್ನಡದ ಸಾಹಿತ್ಯಚರಿತ್ರೆ ಓದಿದವರಿಗೂ ಅಟ್ಟ ಎಂದರೆ ಸಾಕು, ಯಾವ ಅಟ್ಟ ಎಂದು ಯಾರೂ ಕೇಳುವುದಿಲ್ಲ.

ಕಡಿದಾದ ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಹಳೆಯ ಕಾಗದ ಮತ್ತು ಹೊಸ ಬೈಂಡಿಂಗಿನ ಅಂಟು, ಎರಡೂ ಕೂಡಿದ ವಾಸನೆ. ಕಪಾಟುಗಳಲ್ಲಿ ಪುಸ್ತಕ, ಕಟ್ಟುಗಳಲ್ಲಿ ಪುಸ್ತಕ, ಮೂಲೆಯಲ್ಲಿ ಬಿಚ್ಚದ ಪೊಟ್ಟಣ. ಗೋಡೆಯ ಮೇಲೆ ಲೇಖಕರ ಭಾವಚಿತ್ರಗಳು. ‘ಬರ್ರಿ, ಕೂಡ್ರಿ, ಚಹಾ ತರಸ್ತೀನಿ’ ಎಂಬ ಮಾತು ನಾವು ಯಾರು, ಏನು ಕೆಲಸ ಎಂದು ವಿಚಾರಿಸುವುದಕ್ಕಿಂತ ಮುಂಚೆಯೇ ಬರುತ್ತದೆ. ಪುಸ್ತಕ ಕೊಳ್ಳಲು ಬಂದವರು, ಕೊಡಲು ಬಂದವರು, ಸುಮ್ಮನೆ ಮಾತಾಡಲು ಬಂದವರು ಒಂದೇ ಸಾಲಿನಲ್ಲಿ ಕೂರುತ್ತಾರೆ. ಕೊಳ್ಳದೆ ಎದ್ದು ಹೋದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಓದದೆ ಮಾತಾಡಿದರೆ ಮಾತ್ರ ಸಿಕ್ಕಿಬೀಳುವುದು ಖಂಡಿತ.

ಈ ಮನೆಯನ್ನು 1933ರಲ್ಲಿ ಕಟ್ಟಿದವರು ಜಿ.ಬಿ. ಜೋಶಿ. ಗದಗ ಕಡೆಯ ಹೊಂಬಳದವರು, ಬೇಂದ್ರೆಯವರ ಗೆಳೆಯರ ಗುಂಪಿನಲ್ಲಿ ಬೆಳೆದವರು, ‘ಜಡಭರತ’ ಎಂಬ ಹೆಸರಿನಲ್ಲಿ ನಾಟಕ ಬರೆದವರು. ಬಿ.ವಿ. ಕಾರಂತರು ದಾಸರ ಪದಗಳನ್ನು ಹಾಡಿಸಿ ರಂಗಕ್ಕೆ ತಂದ ‘ಸತ್ತವರ ನೆರಳು’ ಇವರದೇ. 1993ರಲ್ಲಿ ಜಿ.ಬಿ. ತೀರಿಕೊಂಡರು. ಅವರ ಮಗ ರಮಾಕಾಂತ ಜೋಶಿ ದಶಕಗಳ ಕಾಲ ಗ್ರಂಥಮಾಲೆಯನ್ನು ನಡೆಸಿದರು, ಆಮೇಲೆ ಮೊಮ್ಮಗ ಸಮೀರ ಜೋಶಿಯವರ ಕೈಗೆ ಬಂತು. ಮೂರು ತಲೆಮಾರು ಒಂದೇ ಕೆಲಸ ಮಾಡುವುದು ಧಾರವಾಡದ ಪೇಢೆಯ ಮನೆತನಗಳಲ್ಲಿ ಉಂಟು. ಕನ್ನಡದ ಪ್ರಕಾಶನದಲ್ಲಿ ಅದು ಅಪರೂಪ.

ಗ್ರಂಥಮಾಲೆ ಎಂಬ ಹೆಸರಿನಲ್ಲೇ ಈ ಮನೆಯ ವ್ಯವಹಾರವೆಲ್ಲ ಇದೆ. ಆ ಕಾಲದಲ್ಲಿ ಪುಸ್ತಕದ ಅಂಗಡಿಗಳು ಕಡಿಮೆ. ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿದ್ದ ದಿನಗಳವು. ಕನ್ನಡ ಓದುವವರು ಬೇರೆ ಬೇರೆ ಸೀಮೆಗಳಲ್ಲಿ ಚದುರಿಹೋಗಿದ್ದರು. ಅಂಗಡಿಯಲ್ಲಿ ಪುಸ್ತಕವಿಟ್ಟು ಗಿರಾಕಿಗೆ ಕಾಯುತ್ತ ಕುಳಿತರೆ ಎರಡನೆಯ ಪುಸ್ತಕ ಹೊರಬರುವ ಭರವಸೆ ಇರಲಿಲ್ಲ. ಹಾಗಾಗಿ ಜಿ.ಬಿ. ಚಂದಾದಾರರನ್ನು ಕೂಡಿಸಿದರು. ವರ್ಷದ ಚಂದಾ ಮೊದಲೇ ಕೊಡಬೇಕು, ವರ್ಷದಲ್ಲಿ ಹೊರಡುವ ಪುಸ್ತಕಗಳು ಮನೆಗೆ ಬರುತ್ತವೆ. ಊರೂರು ತಿರುಗಿ, ಮನೆಮನೆಯ ಬಾಗಿಲು ತಟ್ಟಿ ಅವರು ಈ ಚಂದಾದಾರರನ್ನು ಗಳಿಸಿದರು.

ಈ ಕ್ರಮದ ಬಗ್ಗೆ ನಿಂತು ಯೋಚಿಸಬೇಕು. ದುಡ್ಡು ಕೊಡುವ ಹೊತ್ತಿಗೆ ಆ ಓದುಗನಿಗೆ ಬರಲಿರುವ ಪುಸ್ತಕ ಯಾವುದೆಂದು ತಿಳಿದಿಲ್ಲ. ಲೇಖಕನ ಹೆಸರನ್ನು ಅವನು ಕೇಳಿಯೂ ಇರಲಿಕ್ಕಿಲ್ಲ. ಗದಗಿನ ಒಬ್ಬ ವಕೀಲ, ಬಾಗಲಕೋಟೆಯ ಒಬ್ಬ ಶಾಲಾಮಾಸ್ತರ, ಮುಂಬಯಿಯಲ್ಲಿ ನೌಕರಿ ಹಿಡಿದ ಒಬ್ಬ ಗುಮಾಸ್ತ, ಇಂಥವರು ಜೋಶಿಯವರು ಆರಿಸುತ್ತಾರೆ ಎಂಬ ಒಂದೇ ನೆಚ್ಚಿಕೆಯಿಂದ ಮುಂಗಡ ಕೊಟ್ಟರು. ಆ ಮುಂಗಡದ ಬಲದಿಂದಲೇ ಹೊಸಬರ ಪುಸ್ತಕಗಳು ಅಚ್ಚಾದವು. ನವ್ಯ ಸಾಹಿತ್ಯದ ಚರಿತ್ರೆ ಬರೆಯುವಾಗ ನಾವು ಲೇಖಕರನ್ನು ಹೆಸರಿಸುತ್ತೇವೆ, ವಿಮರ್ಶಕರನ್ನು ಹೆಸರಿಸುತ್ತೇವೆ. ಹೆಸರಿಲ್ಲದ ಈ ಚಂದಾದಾರರಿಗೂ ಅದರಲ್ಲೊಂದು ಅಧ್ಯಾಯ ಸಲ್ಲಬೇಕು ಎಂದು ಅಟ್ಟದಲ್ಲಿ ಕೂತಾಗ ನನಗೆ ಬಲವಾಗಿ ಅನ್ನಿಸುತ್ತದೆ. ಅವರು ಮುಂಗಡ ಕೊಡದಿದ್ದರೆ ಎಷ್ಟೋ ಹಸ್ತಪ್ರತಿಗಳು ಕಂತೆಯಲ್ಲೇ ಉಳಿಯುತ್ತಿದ್ದವು.

ನಂಬಿಕೆಗೆ ತಕ್ಕ ಓದು ಇಲ್ಲಿ ನಡೆಯುತ್ತಿತ್ತು. ಆ ಓದಿನ ಕೇಂದ್ರದಲ್ಲಿ ಇದ್ದವರು ಕೀರ್ತಿನಾಥ ಕುರ್ತಕೋಟಿ. ಬಹುಕಾಲ ಗುಜರಾತದ ಆಣಂದದಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಅವರು ಗ್ರಂಥಮಾಲೆಯ ಸಾಹಿತ್ಯ ಸಲಹೆಗಾರರು. ಜಿ.ಬಿ.ಯವರಿಗೆ ಒಳ್ಳೆಯದನ್ನು ಮೂಸಿ ಹಿಡಿಯುವ ಗುಣವಿತ್ತು, ಕುರ್ತಕೋಟಿಯವರಿಗೆ ಅದು ಏಕೆ ಒಳ್ಳೆಯದು ಎಂದು ಬಿಡಿಸಿ ಹೇಳುವ ಶಕ್ತಿಯಿತ್ತು. ಗ್ರಂಥಮಾಲೆಗೆ 25 ವರ್ಷ ತುಂಬಿದ್ದರ ನೆನಪಿಗೆ ಹೊರಬಂದ ‘ನಡೆದು ಬಂದ ದಾರಿ’ ಸಂಪುಟಗಳನ್ನು ನೋಡಿದರೆ ಈ ಜೋಡಿಯ ಧೈರ್ಯ ತಿಳಿಯುತ್ತದೆ. ಬೇರೆ ಸಂಸ್ಥೆಯಾಗಿದ್ದರೆ ತನ್ನನ್ನೇ ಹೊಗಳುವ ಸ್ಮರಣ ಸಂಚಿಕೆ ತರುತ್ತಿತ್ತು. ಇವರು ಹೊಸಗನ್ನಡ ಸಾಹಿತ್ಯವನ್ನೇ ಅಳೆದು ನೋಡಲು ಹೊರಟರು.

ಗಿರೀಶ ಕಾರ್ನಾಡರ ಕಥೆಯನ್ನು ಅಟ್ಟದಲ್ಲಿ ಯಾರೂ ಹೇಳದೆ ಬಿಡುವುದಿಲ್ಲ, ನಾನೂ ಬಿಡಲಾರೆ. ಕರ್ನಾಟಕ ಕಾಲೇಜಿನಲ್ಲಿ ಓದಿದ ಹುಡುಗ, ಇಂಗ್ಲಿಷಿನಲ್ಲಿ ಕವಿಯಾಗಬೇಕೆಂಬ ಹಂಬಲದವನು, ರೋಡ್ಸ್ ವಿದ್ಯಾರ್ಥಿವೇತನ ಪಡೆದು 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಟಿದ್ದ. ಹೊರಡುವ ಮೊದಲಿನ ತಳಮಳದಲ್ಲಿ ತನಗೇ ಆಶ್ಚರ್ಯವಾಗುವಂತೆ ಕನ್ನಡದಲ್ಲಿ ಒಂದು ನಾಟಕ ಬರೆದ. ಅದು ‘ಯಯಾತಿ’. ಅಟ್ಟದವರು ಅದನ್ನು ಓದಿದರು, ಚರ್ಚಿಸಿದರು, 1961ರಲ್ಲಿ ಅಚ್ಚು ಹಾಕಿದರು. ಲೇಖಕನಿಗೆ ಆಗ 23 ವರ್ಷ. ಈ ಒಪ್ಪಿಗೆಯೇ ತನ್ನನ್ನು ಕನ್ನಡದ ನಾಟಕಕಾರನನ್ನಾಗಿ ಮಾಡಿತು ಎಂದು ಕಾರ್ನಾಡರು ಮುಂದೆ ಮತ್ತೆ ಮತ್ತೆ ನೆನೆದಿದ್ದಾರೆ. ಕನ್ನಡದಲ್ಲಿ ಚರಿತ್ರೆಯನ್ನು ಗಂಭೀರವಾಗಿ ಹಿಡಿದ ನಾಟಕಗಳಿಲ್ಲ ಎಂದು ಕುರ್ತಕೋಟಿಯವರು ಆಡಿದ ಮಾತೇ ಅವರನ್ನು ಇತಿಹಾಸದ ಪುಸ್ತಕಗಳ ಕಡೆಗೆ ನೂಕಿತು. ಅಲ್ಲಿ ಸಿಕ್ಕ ಸುಲ್ತಾನ 1964ರ ‘ತುಘಲಕ್’ ಆದ. 1971ರ ‘ಹಯವದನ’, 2011ರ ಆತ್ಮಕಥೆ ‘ಆಡಾಡತ ಆಯುಷ್ಯ’, ಎಲ್ಲವೂ ಇದೇ ಮೆಟ್ಟಿಲಿಳಿದು ಓದುಗರಿಗೆ ಹೋದವು. ಜಗತ್ತಿನ ಯಾವ ಪ್ರಕಾಶಕನಾದರೂ ಬಾಗಿಲು ತೆರೆದು ಬರಮಾಡಿಕೊಳ್ಳುತ್ತಿದ್ದ ಲೇಖಕ 50 ವರ್ಷ ಈ ಮನೆಯ ಕೈ ಬಿಡಲಿಲ್ಲ. ಕುರ್ತಕೋಟಿಯವರದು ಬೇಕಾದ ಪುಸ್ತಕ ಇನ್ನೂ ಹುಟ್ಟಿಲ್ಲ ಎಂದು ಗುರುತಿಸುವ ಓದು, ಹಸ್ತಪ್ರತಿ ತಿದ್ದುವುದಕ್ಕಿಂತ ದೊಡ್ಡ ಕೆಲಸ. ಅಂಥ ಓದುಗನೊಬ್ಬನಿದ್ದರೆ ಚಿಕ್ಕ ಪ್ರಕಾಶನವೂ ಭಾಷೆಯ ದಿಕ್ಕು ತಿರುಗಿಸಬಲ್ಲದು.

ಕಪಾಟಿನ ಮುಂದೆ ನಿಂತು ಹಳೆಯ ಪಟ್ಟಿಯನ್ನು ನೆನೆದುಕೊಳ್ಳುವುದೇ ಒಂದು ಸುಖ. ಗೋಕಾಕರ ‘ಇಜ್ಜೋಡು’ ಮೊದಲ ದಿನಗಳದು. ಶಂಕರ ಮೊಕಾಶಿ ಪುಣೇಕರರ ‘ಗಂಗವ್ವ ಗಂಗಾಮಾಯಿ’ 1956ರದು. ಶಾಂತಿನಾಥ ದೇಸಾಯಿಯವರ ‘ಮುಕ್ತಿ’ 1961ರದು. 1965ರಲ್ಲಿ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’. 1969ರಲ್ಲಿ ಎ.ಕೆ. ರಾಮಾನುಜನ್ನರ ‘ಹೊಕ್ಕುಳಲ್ಲಿ ಹೂವಿಲ್ಲ’, ಶಿಕಾಗೋದಲ್ಲಿ ಕೂತ ಕವಿ ಕನ್ನಡ ಕವಿತೆಗಳ ತನ್ನ ಮೊದಲ ಸಂಕಲನಕ್ಕೆ ಆರಿಸಿಕೊಂಡದ್ದು ಈ ಅಟ್ಟವನ್ನು. ‘ಸಂಸ್ಕಾರ’ವನ್ನು ಇಂಗ್ಲಿಷಿಗೆ ತಂದವರು ಇದೇ ರಾಮಾನುಜನ್. 1970ರ ಸಿನಿಮಾಕ್ಕೆ ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರ ಪಾತ್ರ ಮಾಡಿದವರು ಇದೇ ಕಾರ್ನಾಡ. ಒಂದು ಕಾದಂಬರಿಯ ಲೇಖಕ, ಅನುವಾದಕ, ಚಿತ್ರಕಥೆಗಾರ ಮೂವರೂ ಒಂದೇ ಪ್ರಕಾಶನದ ಕಪಾಟಿನಲ್ಲಿ ಪಕ್ಕಪಕ್ಕ ಇದ್ದಾರೆ.

ಇನ್ನೊಂದು ಸಂಗತಿಯೂ ಕಣ್ಣಿಗೆ ಬೀಳುತ್ತದೆ. ಗೋಕಾಕ, ಕುರ್ತಕೋಟಿ, ಮೊಕಾಶಿ, ದೇಸಾಯಿ, ಅನಂತಮೂರ್ತಿ, ರಾಮಾನುಜನ್ ಎಲ್ಲರೂ ಒಂದಲ್ಲ ಒಂದು ಕಾಲಕ್ಕೆ ಇಂಗ್ಲಿಷ್ ಮಾಸ್ತರರು. ತರಗತಿಯಲ್ಲಿ ಶೇಕ್ಸ್‌ಪಿಯರ್ ಪಾಠ ಹೇಳಿ ಬಂದು, ಮನಸ್ಸಿನಲ್ಲಿ ಕುದಿಯುವುದನ್ನು ಕನ್ನಡದಲ್ಲಿ ಬರೆದವರು. ಅಂಥವರಿಗೆ ಕನ್ನಡದಲ್ಲಿ ಬರೆದರೆ ಕೇಳುವ ಕಿವಿಗಳಿವೆ ಎಂಬ ಖಾತ್ರಿ ಬೇಕಿತ್ತು, ಸುಭಾಸ ರಸ್ತೆಯ ಈ ಕೋಣೆ ಆ ಖಾತ್ರಿ ಕೊಟ್ಟಿತು.

ದೊಡ್ಡ ಹೆಸರುಗಳ ಮಾತು ಇಷ್ಟು ಸಾಕು. ಪ್ರಕಾಶನದ ದಿನಚರಿ ಇರುವುದು ಕರಡಿನಲ್ಲಿ. ಮೊಳೆ ಜೋಡಿಸುವ ಕಾಲದಲ್ಲಿ ಗ್ಯಾಲಿ ಪ್ರೂಫು ಒದ್ದೆ ಮಸಿಯೊಡನೆ ಬರುತ್ತಿತ್ತು. ಈಗ ಕನ್ನಡದ ಬಹುತೇಕ ಪ್ರಕಾಶಕರಿಗೆ ಕಡತ ಬರುವುದು ಇಮೇಲಿನಲ್ಲಿ. ಲೇಖಕರು ‘ನುಡಿ’ಯಲ್ಲೋ ‘ಬರಹ’ ತಂತ್ರಾಂಶದಲ್ಲೋ ಬೆರಳಚ್ಚಿಸಿ ಕಳಿಸುತ್ತಾರೆ, ಅದನ್ನು ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತು ಜಾಗ ಬಿಟ್ಟು ಓಡುತ್ತದೆ, ಒತ್ತಕ್ಷರ ಒಡೆಯುತ್ತದೆ. ಮತ್ತೆ ಮೊದಲಿನಿಂದ ಕಣ್ಣು ಹಾಯಿಸಬೇಕು. ಪುಟಗಳನ್ನು 16ರ ಫಾರ್ಮುಗಳಿಗೆ ಹೊಂದಿಸಬೇಕು, ಎರಡು ಪುಟ ಹೆಚ್ಚಾದರೆ ಎಲ್ಲಿ ಎಳೆಯುವುದು, ಎಲ್ಲಿ ಬಿಗಿಯುವುದು ಎಂದು ಲೆಕ್ಕ. ಒಂದು ಕಾಲಕ್ಕೆ 1000 ಪ್ರತಿ ಎಂಬುದು ಕನ್ನಡ ಪುಸ್ತಕದ ರೂಢಿಯಾಗಿತ್ತು, ಈಗ 500ಕ್ಕೂ ಕೈ ನಡುಗುವ ಪ್ರಕಾಶಕರಿದ್ದಾರೆ. ಪುಸ್ತಕದ ಮೇಲೆ ಜಿಎಸ್‌ಟಿ ಇಲ್ಲ, ಅದನ್ನು ಅಚ್ಚು ಮಾಡುವ ಕಾಗದದ ಮೇಲೆ ಇದೆ. ಆ ತೆರಿಗೆ ಪ್ರಕಾಶಕನಿಗೆ ಮರಳಿ ಬರುವುದಿಲ್ಲ, ಬೆಲೆಗೇ ಸೇರುತ್ತದೆ.

ಉತ್ತರ ಕರ್ನಾಟಕದ ಪ್ರಕಾಶನದಲ್ಲಿ ಕರಡು ತಿದ್ದುವವರಿಗೆ ಕಣ್ಣಿನಷ್ಟೇ ಕಿವಿಯೂ ಚುರುಕಾಗಿರಬೇಕು. ‘ಗಂಗವ್ವ ಗಂಗಾಮಾಯಿ’ಯ ಮಂದಿ ಧಾರವಾಡದ ಮಾತನ್ನೇ ಆಡುತ್ತಾರೆ. ನವಲಗುಂದದ ಮನೆತನವೊಂದರ ಕಥೆ ಹೇಳುವ ಶ್ರೀನಿವಾಸ ವೈದ್ಯರ ‘ಹಳ್ಳ ಬಂತು ಹಳ್ಳ’ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದ ಕಾದಂಬರಿ. ಅದರಲ್ಲೂ ಹೆಂಗಸರು ಒಲೆಯ ಮುಂದೆ ಆಡುವ ಮಾತು ಆಡಿದ ಹಾಗೆಯೇ ಇದೆ. ಅದನ್ನು ಶಿಷ್ಟ ಕನ್ನಡಕ್ಕೆ ತಿದ್ದಿಬಿಟ್ಟರೆ ವಾಕ್ಯ ಸರಿಯಾಗುತ್ತದೆ, ಮನುಷ್ಯ ಕಾಣೆಯಾಗುತ್ತಾನೆ. ಯಾವ ಸೀಮೆಯ ಯಾವ ಜಾತಿಯ ಯಾವ ವಯಸ್ಸಿನ ಮುದುಕಿ ಹೇಗೆ ಬೈಯುತ್ತಾಳೆ ಎಂಬುದನ್ನು ಬಲ್ಲವರು ಮಾತ್ರ ಈ ಕರಡಿಗೆ ಕೈ ಹಾಕಬೇಕು. ಪ್ರಾದೇಶಿಕ ಪ್ರಕಾಶನಗಳು ಉಳಿಯಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಇದು ದೊಡ್ಡ ಕಾರಣ. ಎಲ್ಲ ಪುಸ್ತಕವೂ ಬೆಂಗಳೂರಿನ ಕರಡು ಮೇಜಿನಿಂದಲೇ ಹೊರಟರೆ ಕನ್ನಡದ ಅರ್ಧ ದನಿ ಅಚ್ಚಿನಿಂದ ಅಳಿಸಿಹೋಗುತ್ತದೆ.

ಅಂಚೆಯ ಮಾತು ತೆಗೆದರೆ ಪ್ರಕಾಶಕರ ಮುಖ ಸಪ್ಪಗಾಗುತ್ತದೆ. ಚಂದಾ ಪದ್ಧತಿ ಬದುಕಿದ್ದೇ ಅಂಚೆಯ ಆಸರೆಯಿಂದ. ನೋಂದಾಯಿತ ಪುಸ್ತಕ ಅಂಚೆ ಎಂಬ ಅಗ್ಗದ ದರವೊಂದು ಇತ್ತು. ಅದು ಇದ್ದಾಗ ಹಳ್ಳಿಯ ಓದುಗನಿಗೆ ಒಂದೇ ಪುಸ್ತಕ ಕಳಿಸಿದರೂ ಗಿಟ್ಟುತ್ತಿತ್ತು. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ಅದನ್ನು ನಿಲ್ಲಿಸಿಬಿಟ್ಟಿತು. ಆಗ ತೆಳ್ಳಗಿನ ಕವನ ಸಂಕಲನ ತರಿಸಿಕೊಳ್ಳುವವನು ಪುಸ್ತಕದ ಬೆಲೆಗೂ ಸಾಗಣೆಗೂ ಹತ್ತಿರ ಹತ್ತಿರ ಅಷ್ಟೇ ದುಡ್ಡು ತೆರಬೇಕಾದ ಹೊತ್ತು ಬಂತು. ಪುಸ್ತಕದಂಗಡಿ ಇಲ್ಲದ ಊರುಗಳೇ ಹೆಚ್ಚಿರುವ ನಾಡಿನಲ್ಲಿ ಅದು ಸಣ್ಣ ಪೆಟ್ಟಾಗಿರಲಿಲ್ಲ. ಆ ದರವನ್ನು ಮರಳಿ ತರಿಸಲು ಲೇಖಕರು, ಪ್ರಕಾಶಕರು, ಓದುಗರು ಕೂಡಿ ಗಟ್ಟಿಯಾಗಿ ಕೇಳಲೇಬೇಕು.

ನಾನು ಕೂತಿದ್ದ ಹೊತ್ತಿಗೆ ಒಬ್ಬ ಹುಡುಗ ಬಂದ. ಚೀಲದಲ್ಲಿ ಕಥೆಗಳ ಕಟ್ಟು. ‘ಬಿಟ್ಟು ಹೋಗ್ರಿ, ಓದಿ ಹೇಳತೀವಿ’ ಎಂದು ಅದನ್ನು ತೆಗೆದಿಟ್ಟ ಮೇಲೆ ಅಲ್ಲಿದ್ದ ಹಿರಿಯರೊಬ್ಬರು, ‘ತಮ್ಮಾ, ನಿನ್ನ ಕಥಿ ಇರಲಿ, ಮತ್ತೊಬ್ಬರದು ಏನೇನ ಓದೀಯಪಾ?’ ಎಂದು ಕೇಳಿದರು. ಹುಡುಗ ಮೊದಲು ತಡವರಿಸಿದ. ಆಮೇಲೆ ಮೊಕಾಶಿಯವರ ಗಂಗವ್ವ ಕಡೆಗೆ ಮಗನ ವಿಷಯದಲ್ಲಿ ಮಾಡಿದ್ದು ತನಗೆ ಸರಿ ಕಾಣಲಿಲ್ಲ ಎಂದ. ಸರಿ ಎಂದು ಇಬ್ಬರು, ತಪ್ಪು ಎಂದು ಒಬ್ಬರು ಎದ್ದು ನಿಂತರು. ಕಪಾಟಿನಿಂದ ಪುಸ್ತಕ ಇಳಿಯಿತು, ಪುಟ ತಿರುವಿದರು, ಎರಡನೆಯ ಸುತ್ತಿನ ಚಹಾ ಹೇಳಿದರು. ಹುಡುಗ ಕುರ್ಚಿಯ ಅಂಚಿಗೆ ಜರುಗಿ, ಹಿರಿಯರ ಮಾತನ್ನು ನಡುವೆಯೇ ತಡೆದು, ‘ಇಲ್ರೀ ಸರ್, ನೀವು ಅಕೀನ್ನ ಅಷ್ಟ ನೋಡಾಕತ್ತೀರಿ, ಮಗನ್ನ ನೋಡವಲ್ರಿ’ ಎಂದು ವಾದಕ್ಕೆ ಇಳಿದ.