ಮೊಸಳೆಯ ಬೆನ್ನೇರಿದ ಕೋತಿಗೆ ಭಯವಾಗಿತ್ತೇ?

ನಮ್ಮ ಅಕ್ಕನ ಮೊಮ್ಮಗಳಿಗೆ ಆಗ ನಾಲ್ಕೂವರೆ ವರ್ಷ. ರಾತ್ರಿ ಊಟ ಮುಗಿದು ಹಾಸಿಗೆ ಹಾಸಿದ ಮೇಲೆ ಒಂದು ಕಥೆ ಆಗಲೇಬೇಕು. ಆವತ್ತು ಪಂಚತಂತ್ರದ ಕೋತಿ-ಮೊಸಳೆ ಕಥೆ ಶುರು ಮಾಡಿದೆ. ನೇರಳೆ ಮರದ ಕೋತಿ, ದಿನಾ ಹಣ್ಣು ತಿಂದು ಅದರ ಸ್ನೇಹ ಬೆಳೆಸಿದ ಮೊಸಳೆ, ಆ ಕೋತಿಯ ಗುಂಡಿಗೆಯೇ ಬೇಕೆಂದು ಹಟ ಹಿಡಿದ ಮೊಸಳೆಯ ಹೆಂಡತಿ. ಮನೆಗೆ ಊಟಕ್ಕೆ ಬಾ ಎಂದು ಸುಳ್ಳು ಹೇಳಿ ಮೊಸಳೆ ಕೋತಿಯನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೊರಟಿತು. ಹೊಳೆಯ ನಡುವಿಗೆ ಬಂದಾಗ ಕಥೆ ನಿಲ್ಲಿಸಿ ಕೇಳಿದೆ.

"ಪುಟ್ಟಿ, ಕೋತಿ ಎಲ್ಲಿಗೆ ಹೋಗ್ತಿದೀನಿ ಅಂದ್ಕೊಂಡಿದೆ?"

"ಊಟಕ್ಕೆ."

"ಮೊಸಳೆ ಮೋಸ ಮಾಡ್ತಿದೆ ಅಂತ ಅದಕ್ಕೆ ಗೊತ್ತಾ?"

"ಇಲ್ಲ ಅಜ್ಜಿ, ಗೊತ್ತಿಲ್ಲ."

"ಹಾಗಾದ್ರೆ ಈಗ ಕೋತಿಗೆ ಖುಷಿನಾ, ಭಯಾನಾ?"

ಅವಳು ನನ್ನ ಸೆರಗು ಹಿಡಿದು ಹತ್ತಿರ ಸರಿದಳು. "ಭಯ. ತುಂಬಾ ಭಯ."

ಗೊತ್ತಿಲ್ಲ ಎಂದವಳೂ ಅವಳೇ, ಭಯ ಎಂದವಳೂ ಅವಳೇ. ಅಪಾಯದ ಸುಳಿವೇ ಇಲ್ಲದ ಕೋತಿಗೆ ಭಯ ಎಲ್ಲಿಂದ ಬರಬೇಕು? ಮಗು ಸರಿಯಾಗಿ ಕೇಳಿಸಿಕೊಂಡಿಲ್ಲ ಎಂದು ನಾವು ಸುಮ್ಮನಾಗಿಬಿಡುತ್ತೇವೆ. ಆದರೆ ಆ ವಯಸ್ಸಿನ ಮಕ್ಕಳು ಬೇರೆ ದೇಶಗಳಲ್ಲೂ ಇದೇ ತಪ್ಪು ಮಾಡುತ್ತಾರೆ. 1999ರಲ್ಲಿ ಫ್ರಾನ್ಸಿನ ಬ್ರಾಡ್ಮೆಟ್ಜ್ ಮತ್ತು ಶ್ನೈಡರ್ ಎಂಬ ಸಂಶೋಧಕರು ಕೆಂಪು ಟೋಪಿಯ ಹುಡುಗಿಯ ಕಥೆ ಇಟ್ಟುಕೊಂಡು ಇಂಥದ್ದೇ ಪ್ರಶ್ನೆ ಕೇಳಿದರು. ಅಜ್ಜಿಯ ಮನೆಯಲ್ಲಿ ತೋಳ ಅಜ್ಜಿಯ ವೇಷ ಹಾಕಿಕೊಂಡು ಮಲಗಿದೆ, ಹುಡುಗಿ ಬಾಗಿಲಿಗೆ ಬಂದಿದ್ದಾಳೆ. ಒಳಗಿರುವುದು ಯಾರೆಂದು ಹುಡುಗಿ ತಿಳಿದಿದ್ದಾಳೆ? ಅಜ್ಜಿ ಎಂದರು ಮಕ್ಕಳು. ಅವಳಿಗೆ ಹೆದರಿಕೆಯಾಗಿದೆಯೇ? ಮೊದಲ ಪ್ರಶ್ನೆಗೆ ಸರಿಯಾಗಿ ಉತ್ತರಿಸಿದವರಲ್ಲೇ ಎಷ್ಟೋ ಮಕ್ಕಳು ಹೌದು, ಹೆದರಿಕೆಯಾಗಿದೆ ಎಂದರು.

ಮಕ್ಕಳ ತಪ್ಪು ಉತ್ತರಕ್ಕೂ ಬೆಲೆಯಿದೆ ಎಂದು ತೋರಿಸಿಕೊಟ್ಟವರು ಸ್ವಿಟ್ಜರ್ಲೆಂಡಿನ ಜ್ಯಾಂ ಪಿಯಾಜೆ. 1896ರಲ್ಲಿ ಹುಟ್ಟಿದ ಇವರು ಡಾಕ್ಟರೇಟ್ ಪಡೆದದ್ದು ಮೃದ್ವಂಗಿಗಳ ಮೇಲೆ, ಅಂದರೆ ಬಸವನಹುಳು, ಶಂಖದಹುಳುಗಳ ಮೇಲೆ. 1920ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಶಾಲಾ ಮಕ್ಕಳ ಮೇಲೆ ಬುದ್ಧಿಶಕ್ತಿಯ ಪರೀಕ್ಷೆಗಳನ್ನು ಪ್ರಯೋಗಿಸಿ ನೋಡುವ ಕೆಲಸ ಸಿಕ್ಕಿತು. ಸರಿ ಉತ್ತರ ಎಷ್ಟು ಎಂದು ಲೆಕ್ಕ ಹಾಕಿದರೆ ಸಾಕಿತ್ತು. ಪಿಯಾಜೆಯ ಕಣ್ಣು ಮಾತ್ರ ತಪ್ಪುಗಳ ಮೇಲೆ ಬಿತ್ತು. ಒಂದೇ ವಯಸ್ಸಿನ ಮಕ್ಕಳು ಒಂದೇ ರೀತಿ ತಪ್ಪುತ್ತಿದ್ದರು. ಹಾಗಿದ್ದರೆ ಆ ತಪ್ಪಿನ ಹಿಂದೆ ಒಂದು ತರ್ಕ ಇರಲೇಬೇಕು ಎಂದು ಹೊರಟವರು ಮುಂದೆ ತಮ್ಮ ಮೂವರು ಮಕ್ಕಳನ್ನೂ ತೊಟ್ಟಿಲಿನಿಂದಲೇ ಗಮನಿಸುತ್ತಾ ದಾಖಲಿಸಿದರು. ಅಗಲವಾದ ಲೋಟದ ನೀರನ್ನು ಸಪೂರ ಲೋಟಕ್ಕೆ ಸುರಿದರೆ ನೀರು ಜಾಸ್ತಿಯಾಯಿತು ಎನ್ನುವ ಐದು ವರ್ಷದ ಮಗುವನ್ನು ಜಗತ್ತಿಗೆ ಪರಿಚಯಿಸಿದವರು ಇವರೇ. ಎಳೆಯ ಮಕ್ಕಳ ಶಕ್ತಿಯನ್ನು ಅವರು ಕಡಿಮೆ ಅಂದಾಜು ಮಾಡಿದರೆಂದು ನಂತರದವರು ತೋರಿಸಿದ್ದಾರೆ. ಪ್ರಶ್ನೆ ಕೇಳುವ ರೀತಿ ಬದಲಿಸಿದರೆ ಮಕ್ಕಳು ಇನ್ನೂ ಬೇಗ ಸರಿ ಉತ್ತರ ಕೊಡುತ್ತಾರೆ. ಆದರೂ ತಪ್ಪನ್ನು ಗೌರವದಿಂದ ನೋಡುವ ಅವರ ದಾರಿ ಇಂದಿಗೂ ಹಳತಾಗಿಲ್ಲ.

ಭಾವನೆಯ ಬಗ್ಗೆ ಪಿಯಾಜೆ ಬರೆದದ್ದು ಕಡಿಮೆ. 1953-54ರಲ್ಲಿ ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಉಪನ್ಯಾಸಗಳಲ್ಲಿ ಅವರು ಭಾವನೆಯನ್ನು ಪೆಟ್ರೋಲಿಗೆ ಹೋಲಿಸಿದರು. ಪೆಟ್ರೋಲು ಇಂಜಿನನ್ನು ಓಡಿಸುತ್ತದೆ, ಅದರ ರಚನೆಯನ್ನು ಬದಲಿಸುವುದಿಲ್ಲ ಎಂಬರ್ಥದಲ್ಲಿ. ಈ ಹೋಲಿಕೆ ನನಗೆ ಒಪ್ಪಿಗೆಯಾಗುವುದಿಲ್ಲ. ಕಳೆದ ನಾಲ್ಕೈದು ದಶಕಗಳ ಸಂಶೋಧನೆ ಓದಿದಷ್ಟೂ ಕಾಣುವುದು ಬೇರೆಯೇ ಚಿತ್ರ. ಮಗುವಿನ ಯೋಚನೆ ಒಂದೊಂದು ಮೆಟ್ಟಿಲು ಹತ್ತಿದಾಗಲೂ ಅದಕ್ಕೆ ಹೊಸದೊಂದು ಭಾವ ಎಟುಕುತ್ತದೆ. ಮೆಟ್ಟಿಲು ಹತ್ತುವ ಮುನ್ನ ಆ ಭಾವ ಬೇಕೆಂದರೂ ಸಿಗುವುದಿಲ್ಲ.

ಭಾವ ಎನ್ನುವುದು ಒಂದೇ ಎಳೆಯಲ್ಲ. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಇದು ದೇಹದ ಭಾಗ. ಹುಬ್ಬು ಗಂಟಿಕ್ಕುತ್ತದೆ, ದನಿ ನಡುಗುತ್ತದೆ, ಇದು ಹೊರಗೆ ಕಾಣುವ ಭಾಗ. ನಡೆದದ್ದು ನನಗೆ ಒಳಿತೋ ಕೆಡುಕೋ ಎಂಬ ಅರ್ಥೈಸಿಕೆ ಮೂರನೆಯದು. ಅದೇ ನಾಯಿ ಒಬ್ಬರಿಗೆ ಮುದ್ದು, ಇನ್ನೊಬ್ಬರಿಗೆ ದಿಗಿಲು. ನಾಟ್ಯಶಾಸ್ತ್ರ ಭಾವಕ್ಕೆ ಕಾರಣವಾದದ್ದನ್ನು ವಿಭಾವ ಎಂದೂ ಹೊರಗೆ ಕಾಣುವ ಕುರುಹನ್ನು ಅನುಭಾವ ಎಂದೂ ಬೇರ್ಪಡಿಸಿ ಹೇಳಿತು. ಮಕ್ಕಳು ಮೊದಲು ಓದಲು ಕಲಿಯುವುದು ಅನುಭಾವವನ್ನು. ವಿಭಾವ ಮನುಷ್ಯರ ಮನಸ್ಸಿನೊಳಗೂ ಅಡಗಿರಬಹುದು ಎಂದು ಹೊಳೆಯುವುದಕ್ಕೆ ವರ್ಷಗಳೇ ಬೇಕು.

ಅನುಭಾವವನ್ನು ಅವು ಎಷ್ಟು ಚೆನ್ನಾಗಿ ಓದುತ್ತವೆಂದರೆ ನಂಬಲಾಗುವುದಿಲ್ಲ. 1985ರ ಒಂದು ಪ್ರಯೋಗ. ಗಟ್ಟಿ ಗಾಜಿನ ಮೇಜು. ಅದರ ಅರ್ಧ ಭಾಗದ ಕೆಳಗೆ ಚೌಕಳಿ ಬಟ್ಟೆ ಗಾಜಿಗೆ ತಾಗಿಕೊಂಡೇ ಇದೆ, ಇನ್ನರ್ಧದಲ್ಲಿ ಸುಮಾರು ಒಂದು ಅಡಿ ಕೆಳಗಿದೆ. ನೋಡುವ ಕಣ್ಣಿಗೆ ಅಲ್ಲಿ ತಗ್ಗಿದ್ದಂತೆ ಕಾಣುತ್ತದೆ. ಒಂದು ವರ್ಷದ ಮಗು ಅಂಬೆಗಾಲಿಕ್ಕುತ್ತಾ ಆ ಅಂಚಿಗೆ ಬಂದು ನಿಲ್ಲುತ್ತದೆ. ಹೋಗಲೋ ಬೇಡವೋ ಎಂದು ತೋಚದೆ ಎದುರಿಗಿರುವ ಅಮ್ಮನ ಮುಖ ನೋಡುತ್ತದೆ. ಅಮ್ಮ ನಕ್ಕರೆ 19 ಮಕ್ಕಳಲ್ಲಿ 14 ದಾಟಿ ಹೋದವು. ಅಮ್ಮ ಹೆದರಿದ ಮುಖ ಮಾಡಿದಾಗ 17 ಮಕ್ಕಳಲ್ಲಿ ಒಂದೂ ಹೆಜ್ಜೆಯಿಡಲಿಲ್ಲ. ಅಮ್ಮಂದಿರು ಒಂದೇ ಒಂದು ಮಾತು ಆಡಿರಲಿಲ್ಲ. ಮಗುವಿಗೇನು ತಿಳಿಯುತ್ತದೆ ಎಂದು ಅದರ ಮುಂದೆ ಮುಖ ಗಂಟಿಕ್ಕಿ ಜಗಳವಾಡುವ ದೊಡ್ಡವರು ಈ ಲೆಕ್ಕವನ್ನು ನೆನಪಿಡಬೇಕು.

ಆದರೆ ಆ ವಯಸ್ಸಿನಲ್ಲಿ ತನಗೆ ರುಚಿಸಿದ್ದು ಎಲ್ಲರಿಗೂ ರುಚಿ. ಅಮೆರಿಕದ ಬೆಟ್ಟಿ ರೆಪಾಚೊಲಿ ಮತ್ತು ಆಲಿಸನ್ ಗೋಪ್ನಿಕ್ 1997ರಲ್ಲಿ ಎಳೆಯ ಮಕ್ಕಳ ಮುಂದೆ ಎರಡು ಬಟ್ಟಲು ಇಟ್ಟರು. ಒಂದರಲ್ಲಿ ಉಪ್ಪು ಬಿಸ್ಕತ್ತು, ಇನ್ನೊಂದರಲ್ಲಿ ಹಸಿ ಬ್ರಾಕೊಲಿ. ಮಕ್ಕಳಿಗೆ ಬಿಸ್ಕತ್ತೇ ಇಷ್ಟ. ಎದುರಿಗೆ ಕೂತ ಹೆಂಗಸು ಮಾತ್ರ ಬಿಸ್ಕತ್ತು ತಿಂದು ಮುಖ ಕಿವುಚಿ, ಬ್ರಾಕೊಲಿ ತಿಂದು ಆಹಾ ಎಂದಳು. ಆಮೇಲೆ ಕೈ ಚಾಚಿ, ನನಗೂ ಸ್ವಲ್ಪ ಕೊಡು ಎಂದಳು. 14 ತಿಂಗಳ ಮಕ್ಕಳು ಬಿಸ್ಕತ್ತನ್ನೇ ಕೊಟ್ಟವು. 18 ತಿಂಗಳ ಮಕ್ಕಳಲ್ಲಿ ಹೆಚ್ಚಿನವು ತಮಗೆ ಸೇರದ ಬ್ರಾಕೊಲಿಯನ್ನು ಅವಳ ಕೈಗಿಟ್ಟವು. ನಾಲ್ಕು ತಿಂಗಳಲ್ಲಿ, ನನ್ನ ಆಸೆಯೇ ಬೇರೆ ನಿನ್ನ ಆಸೆಯೇ ಬೇರೆ ಎಂಬ ಅರಿವು ಮೂಡಿದೆ. ಹೆಚ್ಚುಕಡಿಮೆ ಇದೇ ಹೊತ್ತಿಗೆ, ಅಂದರೆ ಒಂದೂವರೆಯಿಂದ ಎರಡು ವರ್ಷದೊಳಗೆ, ಕನ್ನಡಿಯಲ್ಲಿ ಕಾಣುವುದು ತಾನೇ ಎಂದು ಮಗುವಿಗೆ ತಿಳಿಯುತ್ತದೆ. ಗೊತ್ತಾಗದಂತೆ ಮೂಗಿಗೆ ಬಣ್ಣ ಹಚ್ಚಿದರೆ ಕನ್ನಡಿ ಮುಟ್ಟದೆ ತನ್ನ ಮೂಗನ್ನೇ ಮುಟ್ಟಿಕೊಳ್ಳುತ್ತದೆ. ನಾಚಿಕೆ ಕಾಣಿಸಿಕೊಳ್ಳುವುದು ಇದರ ನಂತರವೇ. ತಾನು ಎಂಬುದೊಂದು ಇದೆಯೆಂದು ಅರಿಯದೆ ನಾಚುವುದಾದರೂ ಹೇಗೆ?

ಮುಂದಿನ ದೊಡ್ಡ ಮೆಟ್ಟಿಲು ನಾಲ್ಕರ ಆಸುಪಾಸಿನದು. 1983ರಲ್ಲಿ ಆಸ್ಟ್ರಿಯಾದ ಹೈಂಜ್ ವಿಮ್ಮರ್ ಮತ್ತು ಜೋಸೆಫ್ ಪೆರ್ನರ್ ಮಕ್ಕಳಿಗೆ ಮ್ಯಾಕ್ಸಿ ಎಂಬ ಹುಡುಗನ ಕಥೆ ಹೇಳಿದರು. ಮ್ಯಾಕ್ಸಿ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಡಲು ಹೋದ. ಅವನಿಲ್ಲದಾಗ ಅಮ್ಮ ಅದನ್ನು ಬೇರೆ ಕಪಾಟಿಗೆ ಎತ್ತಿಟ್ಟಳು. ವಾಪಸು ಬಂದ ಮ್ಯಾಕ್ಸಿ ಎಲ್ಲಿ ಹುಡುಕುತ್ತಾನೆ? ಮೂರು ವರ್ಷದವರು ಚಾಕೊಲೇಟು ಈಗ ಇರುವ ಕಪಾಟನ್ನೇ ತೋರಿಸುತ್ತಾರೆ. ತನಗೆ ಗೊತ್ತಿರುವುದು ಮ್ಯಾಕ್ಸಿಗೆ ಗೊತ್ತಿಲ್ಲ ಎಂಬುದು ಅವರಿಗೆ ಹೊಳೆಯುವುದಿಲ್ಲ. ನಾಲ್ಕೈದು ವರ್ಷಕ್ಕೆ ಹೊಳೆಯುತ್ತದೆ. 2005ರಲ್ಲಿ ಕೆನಡಾ, ಭಾರತ, ಪೆರು, ಸಮೋವಾ, ಥಾಯ್ಲೆಂಡ್‌ಗಳ ಮಕ್ಕಳಿಗೆ ಇಂಥದ್ದೇ ಪರೀಕ್ಷೆ ಒಡ್ಡಿದಾಗಲೂ ಐದು ವರ್ಷದ ಹೊತ್ತಿಗೆ ಹೆಚ್ಚಿನವರು ಗೆದ್ದರು.

ಪುಟ್ಟಿ ಆ ಮೆಟ್ಟಿಲು ಹತ್ತಿದ್ದಳು. ಕೋತಿಗೆ ಮೋಸ ಗೊತ್ತಿಲ್ಲ ಎಂದು ಸರಿಯಾಗಿಯೇ ಹೇಳಿದಳಲ್ಲ. ಇನ್ನೊಂದು ಮೆಟ್ಟಿಲು ಬಾಕಿಯಿತ್ತು. ಇಂಗ್ಲೆಂಡಿನ ಪಾಲ್ ಹ್ಯಾರಿಸ್ ಮತ್ತು ಸಂಗಡಿಗರು 1989ರಲ್ಲಿ ಇದನ್ನು ಎಲ್ಲಿ ಎಂಬ ಆನೆಯ ಕಥೆಯಿಂದ ಹೊರತೆಗೆದರು. ಎಲ್ಲಿಗೆ ಕೋಕ್ ಎಂದರೆ ಪ್ರಾಣ. ತುಂಟ ಮಂಗವೊಂದು ಡಬ್ಬಿಯ ಕೋಕ್ ಚೆಲ್ಲಿ ಹಾಲು ತುಂಬಿಸಿಟ್ಟಿದೆ. ಎಲ್ಲಿ ಬಂದು ಡಬ್ಬಿ ನೋಡುತ್ತದೆ, ಇನ್ನೂ ಕುಡಿದಿಲ್ಲ. ಈಗ ಅದಕ್ಕೆ ಖುಷಿಯೋ ಬೇಸರವೋ? ನಾಲ್ಕು ವರ್ಷದ ಮಕ್ಕಳಲ್ಲಿ ಅನೇಕರು ಬೇಸರ ಎಂದರು. ಒಳಗಿರುವುದು ಹಾಲಲ್ಲವೇ! ಆರು ವರ್ಷದವರು ಖುಷಿ ಎಂದರು. ಇನ್ನೊಬ್ಬರು ಏನು ತಿಳಿದಿದ್ದಾರೆ ಎಂದು ಗ್ರಹಿಸುವುದಕ್ಕೂ, ಆ ತಿಳಿವಳಿಕೆಯಿಂದಲೇ ಅವರ ಸುಖದುಃಖ ಹುಟ್ಟುತ್ತದೆ ಎಂದು ಗ್ರಹಿಸುವುದಕ್ಕೂ ನಡುವೆ ಒಂದೆರಡು ವರ್ಷದ ಅಂತರವಿದೆ. ಹೊಳೆಯ ನಡುವೆ ಹೆದರಿದ್ದು ಕೋತಿಯಲ್ಲ, ಪುಟ್ಟಿ. ತನ್ನೆದೆಯ ಭಯವನ್ನು ಅವಳು ಕೋತಿಯ ಎದೆಯಲ್ಲಿಟ್ಟು ನೋಡುತ್ತಿದ್ದಳು.

ಒಳಗೊಂದು ಹೊರಗೊಂದು ಇರಬಹುದೆಂಬ ಅರಿವೂ ಈ ವರ್ಷಗಳಲ್ಲೇ ಬಲಿಯುತ್ತದೆ. ಬಚ್ಚಿಡುವ ಪ್ರಯತ್ನವಂತೂ ಬೇಗ ಶುರುವಾಗುತ್ತದೆ. ಚಾರ್ಲ್ಸ್ ಡಾರ್ವಿನ್ ತನ್ನ ಮೊದಲ ಮಗನ ಬಗ್ಗೆ ಬರೆದಿಟ್ಟಿದ್ದ ಟಿಪ್ಪಣಿಗಳನ್ನು 1877ರಲ್ಲಿ ಪ್ರಕಟಿಸಿದ. ಎರಡೂವರೆ ದಾಟಿದ್ದ ಆ ಪುಟ್ಟ ಹುಡುಗ ಒಂದು ದಿನ ಊಟದ ಕೋಣೆಯಿಂದ ಹೊರಬಂದಾಗ ತನ್ನ ಮೇಲಂಗಿಯನ್ನು ಜೋಪಾನವಾಗಿ ಸುರುಳಿ ಸುತ್ತಿ ಹಿಡಿದಿದ್ದ. ಅದರೊಳಗೇನು ಎಂದರೆ ಏನಿಲ್ಲ, ಹೋಗು ಎಂದ. ಬಿಚ್ಚಿಸಿ ನೋಡಿದರೆ ಉಪ್ಪಿನಕಾಯಿ ರಸದ ಕಲೆ.

ಕಲೆ ಮುಚ್ಚುವುದು ಸುಲಭ, ಮುಖ ಮುಚ್ಚುವುದು ಕಷ್ಟ. ಆ ಕಷ್ಟವನ್ನು ನಮ್ಮ ಮಕ್ಕಳು ಬೇಗ ಕಲಿಯುತ್ತಾರೆ. 1994ರಲ್ಲಿ ಪ್ರಕಟವಾದ ಜೋಶಿ ಮತ್ತು ಮ್ಯಾಕ್ಲೀನ್ ಅವರ ಅಧ್ಯಯನ ಭಾರತದ ಮತ್ತು ಇಂಗ್ಲೆಂಡಿನ ಮಕ್ಕಳನ್ನು ಹೋಲಿಸಿತು. ಮನಸ್ಸಿನಲ್ಲಿರುವುದು ಒಂದು, ಮುಖದಲ್ಲಿ ತೋರಿಸುವುದು ಇನ್ನೊಂದು ಎಂಬುದನ್ನು ನಾಲ್ಕರ ವಯಸ್ಸಿನಲ್ಲೇ ಚೆನ್ನಾಗಿ ಅರಿತಿದ್ದವರು ಭಾರತದ ಹೆಣ್ಣುಮಕ್ಕಳು, ಅದರಲ್ಲೂ ದೊಡ್ಡವರ ಎದುರಿನ ಸಂದರ್ಭಗಳಲ್ಲಿ. ಇದನ್ನು ಓದಿದಾಗ ನನಗೆ ಹೆಮ್ಮೆಗಿಂತ ಸಂಕಟವೇ ಹೆಚ್ಚಾಯಿತು. ನೆಂಟರ ಮುಂದೆ ಅಳಬೇಡ, ಹೆಣ್ಣುಮಗು ಇಷ್ಟು ಜೋರಾಗಿ ನಗಬಾರದು, ಅಜ್ಜ ಕೊಟ್ಟದ್ದನ್ನು ಬೇಡ ಅನ್ನಬಾರದು: ಈ ಪಾಠ ಅವಳಿಗೆ ಮಾತು ಬರುವ ಮೊದಲೇ ಶುರುವಾಗಿರುತ್ತದೆ. ಬುದ್ಧಿ ಚುರುಕಾಗುವುದು ನಿಜ. ಆದರೆ ಆ ಚುರುಕುತನಕ್ಕೆ ನಾಲ್ಕು ವರ್ಷದ ಮಗು ತನ್ನ ಅಳುವನ್ನೇ ಬೆಲೆ ಕೊಟ್ಟಿರುತ್ತದೆ.

ಎರಡು ಭಾವ ಒಟ್ಟಿಗೆ ಇರಬಹುದೆಂದು ತಿಳಿಯುವುದು ಇನ್ನೂ ತಡ. ಒಂದೇ ಹೊತ್ತಿನಲ್ಲಿ ಖುಷಿಯೂ ದುಃಖವೂ ಆಗಬಹುದೇ ಎಂದು ಅಮೆರಿಕದ ಸೂಸನ್ ಹಾರ್ಟರ್ ಕೇಳಿದಾಗ ಚಿಕ್ಕ ಮಕ್ಕಳು ಸಾಧ್ಯವೇ ಇಲ್ಲ ಎಂದರು. ಮೊದಲು ಒಂದು, ಆಮೇಲೆ ಇನ್ನೊಂದು ಎಂದರು. ಒಂದೇ ಸಂಗತಿಯ ಬಗ್ಗೆ ಎದುರುಬದುರು ಭಾವಗಳು ಕೂಡಿಬರುತ್ತವೆಂದು ಮಕ್ಕಳು ಒಪ್ಪುವುದು ಹನ್ನೊಂದರ ಸುಮಾರಿಗೆ. ಹೊಸ ತಮ್ಮ ಹುಟ್ಟಿದ ಮನೆಯಲ್ಲಿ ಮೂರು ವರ್ಷದ ಅಕ್ಕ ಈಗ ಮುತ್ತಿಟ್ಟು ಮರುಗಳಿಗೆ ಚಿವುಟುತ್ತಾಳೆ. ಪ್ರೀತಿಯೂ ಹೊಟ್ಟೆಕಿಚ್ಚೂ ಅವಳಲ್ಲಿ ಸರದಿಯ ಮೇಲೆ ಬರುತ್ತವೆ. ಅವಳನ್ನು ಕಪಟಿ ಎನ್ನುವುದು ಅನ್ಯಾಯ.

ಇನ್ನು ರಚ್ಚೆ. ಅಂಗಡಿ ಮುಂದೆ ನೆಲಕ್ಕೆ ಬಿದ್ದು ಹೊರಳಾಡುವ ಮಗುವಿಗೆ ಆ ಹೊತ್ತಿನಲ್ಲಿ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಉದ್ವೇಗಕ್ಕೆ ಲಗಾಮು ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಮೈಕೆಲ್ ಪೊಟೆಗಲ್ ಮತ್ತು ಸಂಗಡಿಗರ 2003ರ ವರದಿಯ ಪ್ರಕಾರ ರಚ್ಚೆಗಳಲ್ಲಿ ಶೇಕಡಾ 75ರಷ್ಟು ಐದು ನಿಮಿಷದೊಳಗೆ ಮುಗಿಯುತ್ತವೆ. ಹತ್ತಿರ ಕೂತು ಆ ಐದು ನಿಮಿಷ ಕಾಯುವುದೇ ಸರಿಯಾದ ಮದ್ದು.

ಮಾತಾಡುವ ಸಮಯ ಆಮೇಲೆ ಬರುತ್ತದೆ, ಮತ್ತು ಮಾತೇ ಇಲ್ಲಿ ಎಲ್ಲಕ್ಕಿಂತ ದೊಡ್ಡದು. ಆಸ್ಟ್ರೇಲಿಯಾದಲ್ಲಿ ಪೀಟರ್ಸನ್ ಮತ್ತು ಸೀಗಲ್ 1995ರಲ್ಲಿ ಕಿವುಡ ಮಕ್ಕಳಿಗೆ ಮ್ಯಾಕ್ಸಿ ಕಥೆಯಂಥದ್ದೇ ಪರೀಕ್ಷೆ ಕೊಟ್ಟರು. ಕಿವಿ ಕೇಳುವ ತಂದೆತಾಯಿಗೆ ಹುಟ್ಟಿ, ಸನ್ನೆಭಾಷೆಯನ್ನು ತಡವಾಗಿ ಕಲಿತ ಮಕ್ಕಳು ಎಂಟು ವರ್ಷ ದಾಟಿದ ಮೇಲೂ ಹೆಚ್ಚಾಗಿ ಸೋತರು. ಸನ್ನೆಭಾಷೆ ಬಲ್ಲ ಕಿವುಡ ತಂದೆತಾಯಿಯ ಮಡಿಲಲ್ಲಿ ಬೆಳೆದ ಮಕ್ಕಳಿಗೆ ಈ ತೊಂದರೆಯಿಲ್ಲ ಎಂದು ಮುಂದಿನ ಅಧ್ಯಯನಗಳು ತೋರಿಸಿದವು. ಅಂದರೆ ಕೊರತೆ ಕಿವಿಯದ್ದಲ್ಲ. ಮನಸ್ಸಿನ ಸಂಗತಿಗಳನ್ನು ಕುರಿತು ಅವರೊಡನೆ ಹರಟಲು ಮನೆಯಲ್ಲಿ ಯಾರಿಗೂ ಭಾಷೆ ಇರಲಿಲ್ಲ. ಮೂರನೇ ವಯಸ್ಸಿನಲ್ಲಿ ಬೇಸರ, ಸಿಟ್ಟು, ಖುಷಿಗಳ ಬಗ್ಗೆ ಮನೆಯವರ ಜೊತೆ ಹೆಚ್ಚು ಮಾತಾಡಿದ ಮಕ್ಕಳು ಆರನೇ ವಯಸ್ಸಿಗೆ ಇತರರ ಭಾವವನ್ನು ಚೆನ್ನಾಗಿ ಗುರುತಿಸಿದರೆಂದು ಜೂಡಿ ಡನ್ ಮತ್ತು ಸಂಗಡಿಗರು 1991ರಲ್ಲಿ ಕಂಡುಕೊಂಡರು. ಈ ಮಾತಿಗೆ ದುಡ್ಡು ಬೇಡ, ಆಟಿಕೆ ಬೇಡ. ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಾ ಆಡುವ ಮಾತೂ ಆದೀತು.

ಪುಟ್ಟಿಗೆ ಆರು ತುಂಬಿದ ಮೇಲೆ ಅದೇ ಕಥೆ ಮತ್ತೆ ಹೇಳಿದೆ. ಹೊಳೆಯ ನಡುವೆ ನಿಲ್ಲಿಸಿ ಅದೇ ಪ್ರಶ್ನೆ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು: "ಕೋತಿಗೆ ಖುಷಿ ಅಜ್ಜಿ. ನಂಗೆ ಮಾತ್ರ ಭಯ."

ನಿಮ್ಮ ಮನೆಯಲ್ಲೂ ನಾಲ್ಕೈದು ವರ್ಷದ ಮಗುವಿದ್ದರೆ ಇವತ್ತು ರಾತ್ರಿ ಕೇಳಿ ನೋಡಿ. ಭಯ ಎಂದರೆ ತಿದ್ದಲು ಹೋಗಬೇಡಿ. ಯಾಕೆ ಅಂತ ಕೇಳಿ, ಹೇಳುವುದನ್ನು ಪೂರ್ತಿ ಕೇಳಿಸಿಕೊಂಡು, ಮೊಸಳೆಯನ್ನು ಮುಂದಕ್ಕೆ ಈಜಿಸಿ.