ಬೇವಿನ ಸಾರ: ಲ್ಯಾಬಿನ ಅಂಕಿ ಏನು ಹೇಳುತ್ತೆ, ಏನು ಹೇಳಲ್ಲ?

ಬೇವಿನ ಮರಕ್ಕೆ ನಮ್ಮಲ್ಲಿ ಪರಿಚಯ ಬೇಕಿಲ್ಲ. ಯುಗಾದಿಯ ಬೇವು-ಬೆಲ್ಲದಿಂದ ಹಿಡಿದು ಕಾಳಿನ ಡಬ್ಬಿಗೆ ಹಾಕಿಡುವ ಒಣ ಎಲೆಯವರೆಗೆ ಅದು ಮನೆಯದೇ ಮರ. "ಬೇವಿನಲ್ಲಿ ಆಂಟಿಆಕ್ಸಿಡೆಂಟ್ ಇದೆ, ಫಂಗಸ್ ಹತ್ತಿರ ಬರಲ್ಲ" ಅನ್ನೋ ಮಾತನ್ನೂ ನಾವೆಲ್ಲ ಕೇಳಿದ್ದೇವೆ. ಮಾತು ಸುಳ್ಳಲ್ಲ. ಆದರೆ ಎಂಜಿನಿಯರಿಂಗ್ ಓದುವ ನಾವು ಇನ್ನೆರಡು ಪ್ರಶ್ನೆ ಕೇಳಬೇಕು. ಮರದ ಯಾವ ಭಾಗದಿಂದ, ಹೇಗೆ ತೆಗೆದ ಸಾರ ಅದು? ಯಾವುದಕ್ಕೆ ಹೋಲಿಸಿ ಅಳೆದದ್ದು?

ಒಂದೇ ಮರ, ಬೇರೆ ಬೇರೆ ಸಾರ

ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಸಾಕ್ಸ್‌ಲೆಟ್ ಉಪಕರಣದಲ್ಲಿ ಅದರ ಮೂಲಕ ದ್ರಾವಕವನ್ನು ಮತ್ತೆ ಮತ್ತೆ ಹಾಯಿಸುತ್ತಾರೆ. ಕೊನೆಗೆ ದ್ರಾವಕವನ್ನು ಆವಿ ಮಾಡಿದರೆ ಉಳಿಯುವುದೇ ಸಾರ. ಮೆಥನಾಲ್ ಬಳಸಿದರೆ ಎಲೆಯ ಫ್ಲೇವನಾಯ್ಡ್ ಮುಂತಾದ ಪಾಲಿಫಿನಾಲ್‌ಗಳು ಚೆನ್ನಾಗಿ ಬರುತ್ತವೆ. ಬೀಜಕ್ಕೆ ಹೆಕ್ಸೇನ್ ಬಳಸಿದರೆ ಬರುವುದು ಮುಖ್ಯವಾಗಿ ಎಣ್ಣೆ. ಎರಡಕ್ಕೂ "ಬೇವಿನ ಸಾರ" ಅಂತಲೇ ಹೆಸರು. ಒಳಗಿರುವ ವಸ್ತುಗಳು ಮಾತ್ರ ಬೇರೆ. ಹಾಗಾಗಿ ಒಂದರ ಗುಣವನ್ನು ಇನ್ನೊಂದರ ಲೆಕ್ಕಕ್ಕೆ ಬರೆಯುವಂತಿಲ್ಲ.

ನೇರಳೆ ಬಣ್ಣ ಹೋದರೆ ಉತ್ಕರ್ಷಣ ನಿರೋಧಕ

ಆಂಟಿಆಕ್ಸಿಡೆಂಟ್ ಗುಣ ಅಳೆಯಲು ಹೆಚ್ಚಾಗಿ ಬಳಸುವುದು ಡಿಪಿಪಿಎಚ್ ಪರೀಕ್ಷೆ. ಡಿಪಿಪಿಎಚ್ ಅನ್ನೋದು ಗಾಢ ನೇರಳೆ ಬಣ್ಣದ, ಸ್ಥಿರವಾದ ಫ್ರೀ ರ‍್ಯಾಡಿಕಲ್. ಸಾರದಲ್ಲಿರುವ ಪಾಲಿಫಿನಾಲ್ ಅದಕ್ಕೆ ಹೈಡ್ರೋಜನ್ ಅಥವಾ ಎಲೆಕ್ಟ್ರಾನ್ ಕೊಟ್ಟರೆ ನೇರಳೆ ಹೋಗಿ ಹಳದಿಯಾಗುತ್ತೆ. 517 ನ್ಯಾನೋಮೀಟರ್‌ನಲ್ಲಿ ಬೆಳಕಿನ ಹೀರಿಕೆ ಎಷ್ಟು ಇಳಿಯಿತು ಅಂತ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ನೋಡಿದರೆ ಆಯಿತು. ಉದಾಹರಣೆಗೆ, ಸಾರ ಹಾಕದ ಕಂಟ್ರೋಲ್‌ನಲ್ಲಿ 0.80, ಸಾರ ಹಾಕಿದಾಗ 0.20 ಬಂತು ಅಂದುಕೊಳ್ಳೋಣ. ವ್ಯತ್ಯಾಸವನ್ನು ಕಂಟ್ರೋಲ್‌ನಿಂದ ಭಾಗಿಸಿದರೆ ಶೇ. 75. ಶೇ. 50 ತಲುಪಲು ಬೇಕಾದ ಸಾಂದ್ರತೆಗೆ ಐಸಿ 50 ಎನ್ನುತ್ತಾರೆ. ಈ ಸಂಖ್ಯೆ ಕಡಿಮೆ ಇದ್ದಷ್ಟೂ ಸಾರ ಪ್ರಬಲ. ಹೋಲಿಕೆಗೆ ಪಕ್ಕದಲ್ಲಿ ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿ ಇಡುವುದು ವಾಡಿಕೆ. ಸಾರಕ್ಕೇ ಸ್ವಂತ ಬಣ್ಣ ಇದ್ದರೆ ಅದನ್ನೂ ಪ್ರತ್ಯೇಕವಾಗಿ ಅಳೆದು ಕಳೆಯಬೇಕು.

ಶಿಲೀಂಧ್ರಕ್ಕೂ ಅದೇ ಲೆಕ್ಕ

ಶಿಲೀಂಧ್ರದ ಪರೀಕ್ಷೆಯಲ್ಲಿ ಆಲೂಗಡ್ಡೆ-ಡೆಕ್ಸ್‌ಟ್ರೋಸ್ ಅಗಾರ್‌ಗೆ ಸಾರ ಬೆರೆಸಿ, ಪೆಟ್ರಿ ತಟ್ಟೆಯ ನಡುವೆ ಶಿಲೀಂಧ್ರದ ಸಣ್ಣ ಬಿಲ್ಲೆ ಇಡುತ್ತಾರೆ. ಕಂಟ್ರೋಲ್ ತಟ್ಟೆಯಲ್ಲಿ 80 ಮಿ.ಮೀ. ಹರಡಿದ್ದು, ಸಾರ ಇರುವ ತಟ್ಟೆಯಲ್ಲಿ 32 ಮಿ.ಮೀ.ಗೆ ನಿಂತರೆ ತಡೆ ಶೇ. 60. ಇಲ್ಲಿ ಕಂಟ್ರೋಲ್ ತಟ್ಟೆಗೂ ಅಷ್ಟೇ ಪ್ರಮಾಣದ ದ್ರಾವಕ ಹಾಕಿರಬೇಕು. ಇಲ್ಲದಿದ್ದರೆ ಬೆಳವಣಿಗೆ ತಡೆದದ್ದು ಬೇವೋ ಮೆಥನಾಲೋ ಗೊತ್ತಾಗಲ್ಲ. ಅಗಾರ್‌ನಲ್ಲಿ ಗುಳಿ ತೋಡಿ ಸಾರ ಸುರಿಯುವ ಇನ್ನೊಂದು ವಿಧಾನವೂ ಇದೆ. ಅದರಲ್ಲಿ ಎಣ್ಣೆ ನೀರಿನಂಶದ ಅಗಾರ್‌ನೊಳಗೆ ಸರಿಯಾಗಿ ಹರಡದೆ, ಇರುವ ಶಕ್ತಿಯೂ ಕಾಣದೇ ಹೋಗಬಹುದು.

ಇದಕ್ಕಾಗಿ ನಡೆದ ದೊಡ್ಡ ಜಗಳ

ಬೇವಿನೆಣ್ಣೆಯ ಈ ಶಿಲೀಂಧ್ರನಾಶಕ ಗುಣಕ್ಕೇ 1994ರಲ್ಲಿ ಯುರೋಪಿಯನ್ ಪೇಟೆಂಟ್ ಕಚೇರಿ ಪೇಟೆಂಟ್ ಕೊಟ್ಟಿತ್ತು. ಪಡೆದವರು ಅಮೆರಿಕದ ಕೃಷಿ ಇಲಾಖೆ ಮತ್ತು ಡಬ್ಲ್ಯೂ. ಆರ್. ಗ್ರೇಸ್ ಕಂಪನಿ. ವಂದನಾ ಶಿವ, ಯುರೋಪ್ ಸಂಸತ್ತಿನ ಮಗ್ಡಾ ಆಲ್ವೂಟ್ ಹಾಗೂ ಅಂತರರಾಷ್ಟ್ರೀಯ ಸಾವಯವ ಕೃಷಿ ಒಕ್ಕೂಟ ಇದನ್ನು ವಿರೋಧಿಸಿದರು. ಪೇಟೆಂಟ್ ಅರ್ಜಿಗೂ ಮೊದಲೇ ಭಾರತದ ಹೊಲಗಳಲ್ಲಿ ಈ ಬಳಕೆ ನಡೆದಿತ್ತು ಅನ್ನೋದಕ್ಕೆ ಸಾಕ್ಷ್ಯ ಬಂತು. 2000ದಲ್ಲಿ ಪೇಟೆಂಟ್ ರದ್ದಾಯಿತು. 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. "ನಮ್ಮಜ್ಜಿಗೆ ಗೊತ್ತಿತ್ತು" ಅಂದರೆ ಕಚೇರಿಯಲ್ಲಿ ನಡೆಯಲ್ಲ. ಯಾರು, ಎಲ್ಲಿ, ಹೇಗೆ ಬಳಸಿದರು ಅಂತ ತೋರಿಸಬೇಕು. ಮುಂದೆ ಭಾರತ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಕಟ್ಟಿದ್ದೂ ಇಂಥ ದಾಖಲೆ ಪೇಟೆಂಟ್ ಪರಿಶೀಲಕರ ಕೈಗೆ ಸಿಗಲಿ ಅಂತಲೇ.

ಹಾಗಾದರೆ ಕುಡಿಯಬಹುದಾ?

ಲ್ಯಾಬಿನ ಅಂಕಿ ಇದಕ್ಕೆ ಉತ್ತರ ಕೊಡಲ್ಲ. ಪರೀಕ್ಷಾ ನಳಿಕೆಗೆ ಜೀರ್ಣಾಂಗ ಇಲ್ಲ, ಯಕೃತ್ತೂ ಇಲ್ಲ. ಗಿಡದ ಬೂದಿ ರೋಗಕ್ಕೆ ಸಿಂಪಡಿಸುವ ಅದೇ ಬೇವಿನೆಣ್ಣೆಯನ್ನು ಎಳೆ ಮಕ್ಕಳಿಗೆ ಕುಡಿಸಿ, ವಿಷವೇರಿ ಮಿದುಳಿಗೇ ತೊಂದರೆಯಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ತಟ್ಟೆಯಲ್ಲಿ ಶಿಲೀಂಧ್ರ ತಡೆದದ್ದು ಔಷಧಿಯ ಹುಡುಕಾಟಕ್ಕೆ ಮೊದಲ ಮೆಟ್ಟಿಲು ಅಷ್ಟೇ. ಆಮೇಲೆ ವಿಷಪರೀಕ್ಷೆ, ಪ್ರಮಾಣದ ನಿರ್ಧಾರ, ಮನುಷ್ಯರ ಮೇಲಿನ ಅಧ್ಯಯನ ಇವೆಲ್ಲ ಆಗಬೇಕು.

ಮುಂದಿನ ಸಲ ಪ್ರಾಜೆಕ್ಟ್‌ಗೆ ಸಸ್ಯಸಾರದ ವಿಷಯ ಆರಿಸಿಕೊಂಡರೆ ಅಥವಾ ಫೋನಿಗೆ ಇಂಥ ಮೆಸೇಜ್ ಬಂದರೆ ನಾಲ್ಕು ಸಂಗತಿ ನೋಡೋಣ: ಮರದ ಯಾವ ಭಾಗ, ಯಾವ ದ್ರಾವಕ, ಎಷ್ಟು ಸಾಂದ್ರತೆ, ಯಾವ ಕಂಟ್ರೋಲ್. ನಾಲ್ಕೂ ಇದ್ದರೆ ಮಾತು ಮುಂದುವರಿಸೋಣ. ಇಲ್ಲದಿದ್ದರೆ ಆ ಮೆಸೇಜನ್ನು ಇನ್ನೊಂದು ಗ್ರೂಪಿಗೆ ದಾಟಿಸುವುದು ಬೇಡ.