ಜೋಳಿಗೆಯ ಮಿತಿ

ಕಂಪ್ಯೂಟರಿನ ಪರದೆಯ ಮೇಲೆ ಆಡುವ ಆಟಗಳಲ್ಲಿ ಒಂದು ಬಗೆ ಉಂಟು. ಆಡುವವನು ವೀರನದೋ ಮಾಂತ್ರಿಕನದೋ ವೇಷವನ್ನು ತೊಟ್ಟು ಕಲ್ಪಿತ ರಾಜ್ಯವೊಂದರಲ್ಲಿ ಸಂಚರಿಸುತ್ತಾನೆ. ಗುಹೆಗಳನ್ನು ಹೊಕ್ಕು ರಾಕ್ಷಸರನ್ನು ಗೆಲ್ಲುತ್ತಾನೆ. ಖಡ್ಗ, ಕವಚ, ಮದ್ದು, ಹೊನ್ನುಗಳನ್ನು ಕೂಡಿಹಾಕುತ್ತಾನೆ. ಪಾತ್ರಧಾರಣೆಯ ಆಟಗಳೆಂದು ಇವನ್ನು ಕರೆಯಬಹುದು. ಇವನ್ನಾಡುವ ತರುಣರ ಬಾಯಲ್ಲಿ ನಾನು ಮೇಲಿಂದ ಮೇಲೆ ಕೇಳಿರುವ ದೂರೊಂದಿದೆ: ಚೀಲ ತುಂಬಿತು ಎಂಬುದು. ಘಟಸರ್ಪವನ್ನು ಕೊಂದ ವೀರನು ಅದರ ನಿಧಿಯ ಮುಂದೆ ನಿಂತು, ಯಾವುದನ್ನು ಹೊರಲಿ, ಯಾವುದನ್ನು ಬಿಸುಡಲಿ ಎಂದು ಸಂತೆಯ ವ್ಯಾಪಾರಿಯಂತೆ ಎಣಿಸುತ್ತ ಕೂರಬೇಕಾಗುತ್ತದೆ. ಕಲ್ಪನೆಯ ಲೋಕದಲ್ಲಿಯೂ ಈ ತೂಕದ ಕಾಟವೇಕೆ?

ಪ್ರಶ್ನೆ ಮಕ್ಕಳಾಟದ್ದೆಂದು ತೋರಬಹುದು. ಆದರೆ ಇಂತಹ ಒಂದು ಆಟ ನೂರು ಗಂಟೆಗಳನ್ನು ಸುಲಭವಾಗಿ ನುಂಗಿಬಿಡಬಲ್ಲದು. ಮತ್ತೊಬ್ಬರ ಆಯುಸ್ಸಿನ ಅಷ್ಟು ಹೊತ್ತನ್ನು ಆಳುವ ನಿಯಮಗಳಲ್ಲಿ ನ್ಯಾಯವಿದೆಯೆ ಎಂದು ಕೇಳುವುದು ತಕ್ಕದ್ದೇ ಆಗಿದೆ.

ಈ ನಿಯಮ ಕಂಪ್ಯೂಟರಿಗಿಂತ ಮೊದಲೇ ಹುಟ್ಟಿತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ಕಾಗದ, ಸೀಸದಕಡ್ಡಿ, ದಾಳ, ಜತೆಗೆ ಮಾತು, ಇಷ್ಟೇ ಅದರ ಸಲಕರಣೆ. ಅದರಲ್ಲಿ ಪ್ರತಿಯೊಂದು ವಸ್ತುವಿನ ಭಾರವನ್ನೂ ಚಿನ್ನದ ನಾಣ್ಯಗಳ ತೂಕದಲ್ಲಿ ಎಣಿಸುತ್ತಿದ್ದರು. ಇದರ ಹಿಂದೆ ಒಂದು ಜಾಣ್ಮೆಯಿತ್ತು. ಗುಹೆಯಿಂದ ಹೊರಗೆ ಹೊತ್ತು ತಂದ ಹೊನ್ನಿನಿಂದಲೇ ವೀರನ ಅನುಭವ ಬೆಳೆಯುತ್ತಿತ್ತು. ಹೊರೆ ಹೆಚ್ಚಿದಂತೆ ಅವನ ನಡಿಗೆ ನಿಧಾನವಾಗುತ್ತಿತ್ತು. ನಡಿಗೆ ನಿಧಾನವಾದರೆ ಬೆನ್ನಟ್ಟಿದ ರಾಕ್ಷಸ ಹಿಡಿಯುತ್ತಿದ್ದ. ಆಸೆಗೂ ಪ್ರಾಣಕ್ಕೂ ನಡುವೆ ತಕ್ಕಡಿಯನ್ನು ತೂಗುಹಾಕಿದ ನಿಯಮವದು.

ಬಳಿಕ ಅದು ಯಂತ್ರಕ್ಕೆ ಇಳಿದು ಬಂದಿತು. 1987ರ 'ನೆಟ್‌ಹ್ಯಾಕ್' ಎಂಬ ಆಟದಲ್ಲಿ ಚೀಲದ ಒಂದೊಂದು ವಸ್ತುವಿಗೂ ರೋಮನ್ ಲಿಪಿಯ ಒಂದೊಂದು ಅಕ್ಷರ. ಚಿಕ್ಕಕ್ಷರ 26, ದೊಡ್ಡಕ್ಷರ 26, ಒಟ್ಟು 52 ಮುಗಿದರೆ ಚೀಲವೂ ಮುಗಿಯಿತು. 2011ರ 'ಸ್ಕೈರಿಮ್' ಎಂಬ ಆಟದಲ್ಲಿ ವೀರನು ಮೊದಲಿಗೆ 300ರಷ್ಟು ತೂಕವನ್ನು ಹೊರಬಲ್ಲ. ಮೀರಿದರೆ ಓಡಲಾರ, ಕಾಲೆಳೆಯುತ್ತ ನಡೆಯಬೇಕು. ಘಟಸರ್ಪದ ಒಂದು ಎಲುಬಿನ ತೂಕವೇ ಅಲ್ಲಿ 15. ಸರ್ಪವನ್ನು ಕೊಲ್ಲಬಲ್ಲವನು ಅದರ ಎಲುಬನ್ನು ಹೊರಲಾರದೆ ಬಳಲುವ ದೃಶ್ಯ ಆಡುವವರಿಗೆ ಚಿರಪರಿಚಿತ.

ಮಿತಿಯ ಅರ್ಥವನ್ನು ತಿಳಿಯಲು ನಮ್ಮ ನಾಗಮಂಗಲದ ಸೀಮೆಯವರು ದೂರ ಹೋಗಬೇಕಾಗಿಲ್ಲ. ಆದಿಚುಂಚನಗಿರಿ ನಾಥ ಪರಂಪರೆಯ ಕ್ಷೇತ್ರ, ಕಾಲಭೈರವನ ನೆಲೆ. ಆ ಪರಂಪರೆಯ ಜೋಗಿಯ ಹೆಗಲಿಗೆ ಜೋಳಿಗೆಯೊಂದೇ ಆಸ್ತಿ. ಅದರ ಬಾಯಿ ದೊಡ್ಡದು, ಹೊಟ್ಟೆ ಚಿಕ್ಕದು. ತುಂಬಿದ ಜೋಳಿಗೆಗೆ ಮತ್ತೊಂದು ಬೊಗಸೆ ಹಿಡಿಸದು. ಫಾಲ್ಗುಣ ಮಾಸದ ಜಾತ್ರೆಗೆ ಗಂಟು ಹೊತ್ತು ಬೆಟ್ಟವೇರುವ ಒಕ್ಕಲಿಗನೂ ಈ ಲೆಕ್ಕವನ್ನು ಬಲ್ಲ. ಬುತ್ತಿ ಬೇಕು, ಕಂಬಳಿ ಬೇಕು, ಉಳಿದುದನ್ನು ಮನೆಯಲ್ಲಿ ಬಿಟ್ಟು ಬರಬೇಕು. ಯಾವುದನ್ನು ಹೊತ್ತನೆಂಬುದರಿಂದ ಅವನ ಯಾತ್ರೆ ಎಂತಹುದೆಂಬುದನ್ನು ಹೇಳಬಹುದು.

ನಮ್ಮ ಕವಿಗಳಿಗೂ ಇದು ಗೊತ್ತಿತ್ತು. ಸೂರ್ಯನು ಧರ್ಮರಾಯನಿಗೆ ಕೊಟ್ಟ ಪಾತ್ರೆಯ ಹೆಸರು ಅಕ್ಷಯ. ಆದರೂ ದ್ರೌಪದಿ ಉಂಡೊಡನೆ ಆ ದಿನಕ್ಕೆ ಅದು ಬರಿದು. ಈ ಒಂದು ಕಟ್ಟಳೆ ಇರದಿದ್ದರೆ, ದುರ್ವಾಸ ಮುನಿ ಹೊತ್ತು ಮೀರಿ ಬಂದುದಕ್ಕೆ ಅರ್ಥವೇ ಇರುತ್ತಿರಲಿಲ್ಲ. ಪಾತ್ರೆಯಲ್ಲಿ ಅಂಟಿಕೊಂಡಿದ್ದ ಚೂರನ್ನು ಕೃಷ್ಣನು ಹುಡುಕಬೇಕಾಗಿಯೂ ಇರಲಿಲ್ಲ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ಆಯುಧಗಳನ್ನು ಹೊತ್ತು ವಿರಾಟನ ಪುರವನ್ನು ಹೊಗುವಂತಿರಲಿಲ್ಲ. ಶಮೀವೃಕ್ಷದ ಮೇಲಿಟ್ಟು ಹೋದರು. ಕರ್ಣನಿಗೆ ಇಂದ್ರನಿತ್ತ ಶಕ್ತಿಯನ್ನು ಒಮ್ಮೆ ಮಾತ್ರ ಪ್ರಯೋಗಿಸಬಹುದಿತ್ತು. ಅರ್ಜುನನಿಗೆಂದು ಕಾದಿರಿಸಿದ್ದನ್ನು ಘಟೋತ್ಕಚನ ಮೇಲೆ ಕಳೆದುಕೊಂಡ ಆ ರಾತ್ರಿಯೇ ಯುದ್ಧದ ದಿಕ್ಕನ್ನು ಬದಲಿಸಿತು. ಒಳ್ಳೆಯ ಮದ್ದನ್ನೆಲ್ಲ ಕೊನೆಯ ಶತ್ರುವಿಗೆಂದು ಕೂಡಿಟ್ಟು, ನಡುದಾರಿಯಲ್ಲಿ ಸೋಲುವ ಇಂದಿನ ಆಟಗಾರನಿಗೆ ಕರ್ಣನ ಸಂಕಟ ಚೆನ್ನಾಗಿ ತಿಳಿದೀತು.

ಹಾಗಿದ್ದರೆ ಎಲ್ಲ ಮಿತಿಯೂ ಒಳ್ಳೆಯದೆ? ಖಂಡಿತ ಅಲ್ಲ. ನನಗೆ ತೋರುವ ಒರೆಗಲ್ಲು ಇದು: ಆ ಮಿತಿಯು ಆಡುವವನ ಬುದ್ಧಿಯನ್ನು ಕೇಳುತ್ತದೆಯೋ, ಬರಿಯ ಬೆರಳಿನ ಶ್ರಮವನ್ನು ಕೇಳುತ್ತದೆಯೋ? ಖಡ್ಗವೋ ಮದ್ದೋ ಎಂದು ಆಯಲು ಹೇಳುವ ನಿಯಮ ಮೊದಲ ಬಗೆಯದು. ಚೀಲ ತುಂಬಿದಾಗಲೆಲ್ಲ ಊರಿಗೆ ಮರಳಿ, ಅಂಗಡಿಯವನಿಗೆ ಮಾರಿ, ಬಂದ ದಾರಿಯನ್ನೇ ಮತ್ತೆ ತುಳಿಯಬೇಕೆಂಬ ನಿಯಮ ಎರಡನೆಯದು. ಅಲ್ಲಿ ಆಯ್ಕೆಯಿಲ್ಲ, ನಷ್ಟವಿಲ್ಲ, ಬರಿಯ ಕಾಲಹರಣ. 2009ರ 'ಟಾರ್ಚ್‌ಲೈಟ್' ಎಂಬ ಆಟದವರು ಇದನ್ನು ಮನಗಂಡು, ವೀರನ ಜತೆಗಿರುವ ಸಾಕುಪ್ರಾಣಿಯೇ ಊರಿಗೆ ಹೋಗಿ ಮಾರಿ ಬರುವಂತೆ ಮಾಡಿದರು. 2017ರ 'ಬ್ರೆತ್ ಆಫ್ ದಿ ವೈಲ್ಡ್' ಎಂಬ ಆಟದಲ್ಲಿ ಆಯುಧಗಳು ಬಳಸಿದಂತೆ ಮುರಿಯುತ್ತವೆ. ಇದನ್ನು ಹಲವರು ಶಪಿಸಿದ್ದಾರೆ. ಆದರೆ ಒಂದೇ ಖಡ್ಗಕ್ಕೆ ಜೋತುಬೀಳದೆ, ಕೈಗೆ ಸಿಕ್ಕಿದ್ದರಲ್ಲಿ ಕಾದುವ ಉಪಾಯವನ್ನು ಅದು ಕಲಿಸುತ್ತದೆ. ನನ್ನ ಒರೆಗಲ್ಲಿನಲ್ಲಿ ಅದು ತೇರ್ಗಡೆಯಾಗುತ್ತದೆ.

ಇಲ್ಲಿ ನಮ್ಮ ಚೌಕಾಬಾರವನ್ನು ನೆನೆಯಬೇಕು. ನಾಲ್ಕು ಕವಡೆ, ಐದು ಸಾಲಿನ ಮನೆ. ನಾಲ್ಕು ಬಿದ್ದರೆ ಚೌಕ, ಎಂಟು ಬಿದ್ದರೆ ಬಾರ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಬೇಕಾದ ಗರ ಸರಿಯಾಗಿ ಬೀಳದೆ ಕಾಯಿ ಹಣ್ಣಾಗದು. ಒಂದೇ ಒಂದು ಮನೆಯ ದೂರದಲ್ಲಿ ಅದು ಗಳಿಗೆಗಟ್ಟಲೆ ಕೊಳೆಯಬಹುದು. ಇದಕ್ಕಿಂತ ರೇಗಿಸುವ ನಿಯಮ ಯಾವ ಯಂತ್ರದಲ್ಲಿಯೂ ಇರಲಾರದು. ಆದರೂ ತಲೆಮಾರುಗಳಿಂದ ಅದನ್ನು ಆಡುತ್ತ ಬಂದಿದ್ದೇವೆ. ಏಕೆಂದರೆ ಆ ಕಷ್ಟ ಇಬ್ಬರಿಗೂ ಸಮ. ಬೇಡವೆನಿಸಿದರೆ ಆಟ ಶುರುವಾಗುವ ಮುನ್ನ ಕೂಡಿದವರೆಲ್ಲ ಒಪ್ಪಿ ಅದನ್ನು ಸಡಿಲಿಸಬಹುದು. ಊರೂರಿಗೆ ನಿಯಮಗಳು ತುಸು ತುಸು ಬೇರೆಯಾಗಿರುವುದು ಈ ಮಾತುಕತೆಯಿಂದಲೇ.

ಯಂತ್ರ ಸಾಮಾನ್ಯವಾಗಿ ಈ ಮಾತುಕತೆಗೆ ಎಡೆಗೊಡುವುದಿಲ್ಲ. ನಿಯಮವನ್ನು ಬರೆದವನು ದೂರದಲ್ಲೆಲ್ಲೋ ಇದ್ದಾನೆ. ಆಡುವವನು ಇಲ್ಲಿ ಒಂಟಿಯಾಗಿ ಕುಳಿತಿದ್ದಾನೆ. ಆದುದರಿಂದ ಬರೆಯುವವನ ಹೊಣೆ ಹೆಚ್ಚಿನದು. ಕೆಲವರು ಆಟದ ಒಳಗನ್ನೇ ತಿದ್ದಿ ಚೀಲವನ್ನು ಹಿಗ್ಗಿಸಿಕೊಳ್ಳುವುದುಂಟು. ಅದನ್ನು ಮೋಸವೆಂದು ಹಳಿಯಲು ನನಗೆ ಮನಸ್ಸಾಗದು. ಚೌಕಾಬಾರದ ಜಗಲಿಯಲ್ಲಿ ಬಾಯಿಮಾತಿನಿಂದ ಆಗುತ್ತಿದ್ದ ತಿದ್ದುಪಡಿಯನ್ನೇ ಅವರು ಕೈಯಾರೆ ಮಾಡಿಕೊಳ್ಳುತ್ತಿದ್ದಾರೆ. ಆದರೆ ಹಿಗ್ಗಿಸುವ ಮೊದಲು ಒಂದು ಗಳಿಗೆ ತಡೆದು ನೋಡಬೇಕೆಂದು ಮಾತ್ರ ಹೇಳುತ್ತೇನೆ. ಆ ಮಿತಿ ನಮ್ಮನ್ನು ಬರಿದೆ ಅಲೆಸುತ್ತಿದ್ದರೆ ಕಿತ್ತುಹಾಕೋಣ. ಇದೋ ಅದೋ ಎಂದು ಕೇಳುತ್ತಿದ್ದರೆ ಉತ್ತರ ಕೊಟ್ಟು ಮುಂದೆ ಹೋಗೋಣ.